ಬೇವಿನ ಸೊಪ್ಪಿನಡಿಯ ಮಾತ್ರೆ

ಆಗಸ್ಟ್ 2, 1995, ಬುಧವಾರ

ಮೋಸ ಹೋದೆ. ದಿನಾ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಟಿಕೆಟ್ ಹರಿಯುವವನು ನಾನು. ಯಾರು ನಿದ್ದೆ ನಟಿಸುತ್ತಿದ್ದಾರೆ, ಯಾರು ಮೀಸೆ ಮೂಡಿದ ಮಗನಿಗೆ ಅರ್ಧ ಟಿಕೆಟ್ ಕೇಳುತ್ತಾರೆ, ಮುಖ ನೋಡಿದರೆ ಹೇಳಬಲ್ಲೆ. ಅಂಥ ಕಂಡಕ್ಟರ್ ಮಹಾಲಿಂಗ ಹೆಣ್ಣು ನೋಡಲು ಹೋದ ದಿನ ಹೆಣ್ಣನ್ನು ಬಿಟ್ಟು ಉಪ್ಪಿಟ್ಟು ಕೇಸರಿಬಾತು ನೋಡಿಕೊಂಡು ಬಂದಿದ್ದಾನೆ.

ಮೇ ತಿಂಗಳಲ್ಲಿ ಮದುವೆ. ಆಷಾಢಕ್ಕೆಂದು ತವರಿಗೆ ಹೋದ ಹೆಂಡತಿ ಮೊನ್ನೆ ತಾನೇ ಬಂದಳು. ಇವತ್ತು ಬೆಳಿಗ್ಗೆ ನಾನು ಡ್ಯೂಟಿಗೆ ಹೊರಟು ಬ್ಯಾಗು ಹೆಗಲಿಗೆ ಹಾಕುತ್ತಿದ್ದಾಗ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಶಿವರಂಜಿನಿ ಒಲೆಯ ಪಕ್ಕ ಬಿದ್ದಿದ್ದಳು. ಕೈಕಾಲು ಸೆಟೆದು ಅದುರುತ್ತಿದ್ದವು. ಬಾಯಲ್ಲಿ ನೊರೆ. ಅವ್ವ ಬೀಗದ ಕೈಗೊಂಚಲು ತಂದು ಅವಳ ಅಂಗೈಗೆ ಒತ್ತಿ ಹಿಡಿದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಮುಟ್ಟಲಿಲ್ಲ.

"ಮೂರ್ಛೆ ರೋಗ ಕಣ್ಲಾ ಮಾಲಿಂಗ," ಎಂದಳು ಅವ್ವ. "ಇದು ಇವತ್ತಿಂದಲ್ಲ. ನಾಲ್ಗೆ ಮ್ಯಾಲ ಹಳೇ ಕಲೆ ಅದ ನೋಡು."

ಎಚ್ಚರವಾದ ಮೇಲೆ ಕೇಳಿದೆ. "ಅಪ್ಪ ಹೇಳ್ಬ್ಯಾಡ ಅಂದಿದ್ರು" ಎಂದಳು, ಅಷ್ಟೇ.

ಗುಂಡ್ಲುಪೇಟೆ ಸ್ಟ್ಯಾಂಡಿನಲ್ಲಿ ಮಾವ ಎಂದಿನಂತೆ ನನಗೂ ಡ್ರೈವರಿಗೂ ಟೀ ಹಿಡಿದು ನಿಂತಿದ್ದರು. ನಾನು ಬಸ್ಸಿನಿಂದ ಇಳಿಯಲೇ ಇಲ್ಲ. ಡ್ರೈವರ್ ಇಸ್ಮಾಯಿಲ್ ಭಾಯ್ ಎರಡೂ ಟೀ ಕುಡಿದ.

ಆಗಸ್ಟ್ 4

ಮಾವ ಮರಿಮಲ್ಲಪ್ಪ ಮನೆಗೇ ಬಂದರು, ಅರ್ಧ ಮೂಟೆ ಈರುಳ್ಳಿ ಹೊತ್ತುಕೊಂಡು. ಈರುಳ್ಳಿ ಮಂಡಿಯ ದಲ್ಲಾಳಿ ಅವರು. ಹಬ್ಬವಾದರೂ ಈರುಳ್ಳಿ, ತಪ್ಪು ಮಾಡಿದರೂ ಈರುಳ್ಳಿ.

"ಚಿಕ್ ಹುಡ್ಗೀಲಿ ಬತ್ತಿತ್ತು ಅಳೀಮಯ್ಯ. ಆಮೇಲ ಕಮ್ಮಿಯಾಗಿತ್ತು. ಮದ್ವೆ ಮಾಡುದ್ರ ಸರಿಹೋಯ್ತದ ಅಂತ ಎಲ್ರೂ ಅಂದ್ರು."

"ಎಲ್ರೂ ಅಂದ್ರೆ? ನನ್ನೊಬ್ಬನ್ನ ಬುಟ್ಟು ಊರಿಗೆಲ್ಲಾ ಗೊತ್ತಿತ್ತಾ?"

ಅವರು ತಲೆ ತಗ್ಗಿಸಿದರು. ನಾನು ಬಿಡಲಿಲ್ಲ. "ಕೊಳ್ತ ಈರುಳ್ಳಿ ಇದ್ರೆ ಮೂಟೆ ಬಿಚ್ಚಿ ತೋರ್ಸ್ತೀರಲ್ಲ ಮಾವ, ಮಗಳನ್ನ ಮಾತ್ರ ಬಾಯಿ ಹೊಲ್ದು ಕೊಟ್ರಾ?" ಎಂದೆ. ಸರಿಯಾದ ಮಾತು ಸರಿಯಾದ ಹೊತ್ತಿಗೆ ಬಂತೆಂದು ನನಗೇ ಖುಷಿಯಾಯಿತು. ಒಳಗೆ ರುಬ್ಬುತ್ತಿದ್ದ ಸದ್ದು ನಿಂತಿತು. ಕೇಳಿಸಿಕೊಳ್ಳಲಿ ಎಂದೇ ಇನ್ನೂ ಗಟ್ಟಿಯಾಗಿ ಹೇಳಿದೆ:

"ಮೈಸೂರಲ್ಲಿ ದೊಡ್ಡ ಡಾಕ್ಟ್ರಿಗೆ ತೋರುಸ್ತೀನಿ. ಮಾತ್ರೆಗೆ ನಿಂತ್ರೆ ಇರ್ಲಿ. ಮಾತ್ರೆ ತಗಂಡ ಮೇಲೂ ಬಂತೋ, ನಿಮ್ಮ ಮಗಳನ್ನ ನೀವೇ ಇಟ್ಕಳಿ. ನಾನೇ ತಂದು ಬುಡ್ತೀನಿ."

ಮಾವ ಕೈ ಮುಗಿದರು. ಹಾಗೆ ಮುಗಿಯಬಾರದಿತ್ತು. ವಯಸ್ಸಾದವರು.

ಆಗಸ್ಟ್ 7, ಸೋಮವಾರ

ಮೈಸೂರಿಗೆ ಹೋಗಿದ್ದೆವು. ನರದ ಡಾಕ್ಟರು ಅವಳ ಮಂಡಿಗೆ ಸುತ್ತಿಗೆಯಲ್ಲಿ ತಟ್ಟಿದರು, ಕಣ್ಣಿಗೆ ಟಾರ್ಚ್ ಬಿಟ್ಟರು, ನೂರೆಂಟು ಪ್ರಶ್ನೆ ಕೇಳಿದರು. ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ. "ನೀವಾಗೇ ನಿಲ್ಲಿಸಬೇಡಿ. ಒಂದು ಹೊತ್ತೂ ತಪ್ಪಿಸಬಾರದು. ಏನಾದರೂ ತೊಂದರೆ ಅನ್ನಿಸಿದರೆ ಬಂದುಬಿಡಿ" ಎಂದರು. ಅವಳು ಪಾಠ ಒಪ್ಪಿಸುವವಳಂತೆ "ತಪ್ಸಲ್ಲ ಸಾರ್" ಎಂದಳು.

ಬರುವಾಗ ಸ್ಟ್ಯಾಂಡಿನಲ್ಲಿ ಉಪ್ಪು ಖಾರ ಸವರಿದ ಸೌತೆಕಾಯಿ ಕೊಡಿಸಿದೆ. ಅರ್ಧ ತಿಂದು ಉಳಿದರ್ಧ ನನಗೆ ಕೊಟ್ಟಳು. ಬಿಸಾಡುವುದೇಕೆಂದು ತಿಂದೆ.

ಆಗಸ್ಟ್ 17

ಒಂದು ಸಲವೂ ಬಂದಿಲ್ಲ. ರಾತ್ರಿ ನಾನು ಊಟಕ್ಕೆ ಕೂತರೆ ಬಡಿಸುತ್ತಾ, "ಇವತ್ತೂ ಬರ್ಲಿಲ್ಲ" ಎನ್ನುತ್ತಾಳೆ. ಶಾಲೆಯ ಮಕ್ಕಳು ಮಾರ್ಕ್ಸ್ ಹೇಳುವ ಹಾಗೆ. "ಹೂಂ" ಎನ್ನುತ್ತೇನೆ. ಇನ್ನೇನು ಹೇಳಬೇಕು?

ಇಸ್ಮಾಯಿಲ್ ಭಾಯ್ ರೇಗಿಸುತ್ತಾನೆ. "ಏನ್ ಮಾಲಿಂಗ, ತೆರಕಣಾಂಬಿ ದಾಟಿದ್ರೆ ವಾಚ್ ನೋಡ್ತೀಯ ಈಗ. ಮೊದ್ಲು ಬಸ್ಸಲ್ಲೇ ಮಲ್ಗೋ ಗಿರಾಕಿ ನೀನು." ಬೇಗ ಮನೆಗೆ ಹೋದರೆ ಬಿಸಿ ಊಟ ಸಿಗುತ್ತದೆ ಎಂದೆ. ಅವಳು ಹುರುಳಿಕಾಳಿನ ಸಾರು ಚೆನ್ನಾಗಿ ಮಾಡುತ್ತಾಳೆ. ಅದು ನಿಜ, ಒಪ್ಪಿಕೊಳ್ಳಬೇಕು.

ಗುಂಡ್ಲುಪೇಟೆಯಲ್ಲಿ ಮಾವ ಕೊಟ್ಟ ಟೀ ಕುಡಿದೆ. ಕ್ಷಮಿಸಿಬಿಟ್ಟೆ ಎಂದಲ್ಲ. ತಲೆ ನೋಯುತ್ತಿತ್ತು.

ಆಗಸ್ಟ್ 21, ಸೋಮವಾರ

ಮೊನ್ನೆಯಿಂದ ಅವಳಿಗೆ ಜ್ವರ. ಕಣ್ಣು ಕೆಂಪಗಾಗಿ ನೀರು ಸುರಿಯುತ್ತದೆ, ಬಾಯೆಲ್ಲ ಹುಣ್ಣು. ಇವತ್ತು ಎದೆಯ ಮೇಲೆ, ತೋಳಿನ ಮೇಲೆ ಕೆಂಪು ಗುಳ್ಳೆ ಎದ್ದಿವೆ. ಅವ್ವ ನೋಡಿದವಳೇ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದಳು.

"ಅಮ್ಮ ಬಂದವ್ಳೆ ಕಣಪ್ಪ. ಕಾಯಿಲೆ ಗೀಯಿಲೆ ಅನ್ಬ್ಯಾಡ."

ಅವ್ವ ಪುಣಜನೂರಿನ ಕಾಡಂಚಿನಲ್ಲಿ ಹುಟ್ಟಿದವಳು, ಅವಳಿಗೆ ಇದರ ಕಟ್ಟುಕಟ್ಟಳೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು. ಚಾಪೆಯ ಮೇಲೂ ಬೇವಿನ ಸೊಪ್ಪು ಹಾಸಿ ಮಲಗಿಸಿದಳು. ಒಗ್ಗರಣೆ ಇಲ್ಲ, ಕರಿಯುವುದಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ, ನಾನು ಗಡ್ಡ ಕೆರೆಯುವಂತಿಲ್ಲ. ಔಷಧಿಯಂತೂ ಮುಟ್ಟುವ ಹಾಗೇ ಇಲ್ಲ. ಮಾತ್ರೆಯ ಪೊಟ್ಟಣವನ್ನು ಅಟ್ಟದ ಮೇಲಿಟ್ಟಳು.

"ಫಿಟ್ಸ್ ಮಾತ್ರೆ ಬೇರೆ ಕನವ್ವ, ಅದನ್ನ ತಪ್ಸಬಾರ್ದು ಅಂದವ್ರೆ" ಎಂದೆ.

"ಅಮ್ಮ ಇರೋ ಮನೇಲಿ ಔಸ್ದಿ ಕೊಟ್ರ ಅವಳ್ಗ ಸಿಟ್ಟು ಬತ್ತದ. ನಿನ್ನ ಬೇವಿನ ಸೊಪ್ಪಲ್ಲೇ ಎಬ್ಬುಸ್ನಿಲ್ವಾ ನಾನು?"

ಅದೂ ನಿಜವೇ. ಚಿಕ್ಕಂದಿನಲ್ಲಿ ನನಗೂ ಆಗಿತ್ತು, ಎದ್ದು ಓಡಾಡಿದೆ. ಅಮ್ಮ ಬಂದದ್ದಕ್ಕೆ ಡಾಕ್ಟರ ಹತ್ತಿರ ಹೋಗುವುದು ನಮ್ಮಲ್ಲಿ ಯಾರೂ ಮಾಡಿದ್ದಿಲ್ಲ. ಪೊಟ್ಟಣ ಅಟ್ಟದಲ್ಲೇ ಉಳಿಯಿತು.

ಆಗಸ್ಟ್ 28, ಗೌರಿ ಹಬ್ಬ

ಮಾವ ಮಗಳಿಗೆ ಬಾಗಿನ ತಂದಿದ್ದರು. ಒಳಗೆ ಬರುವಂತಿಲ್ಲವಲ್ಲ, ಬೀದಿಯಲ್ಲೇ ನಿಂತು ಮೊರವನ್ನು ನನ್ನ ಕೈಗಿಟ್ಟರು. "ನೋಡ್ದೇ ಓಯ್ತಾ ಇವ್ನಿ ಕಣವ್ವ ರಂಜೀ" ಎಂದು ಹೊರಗಿಂದಲೇ ಕೂಗಿದರು. ಅವಳು ಒಳಗಿಂದ "ಚೆನ್ನಾಗಿವ್ನಿ ಕನಪ್ಪ" ಎಂದಳು. ಹುಣ್ಣಿನ ಬಾಯಿಂದ ಅಷ್ಟು ಹೇಳಲು ಎಷ್ಟು ಕಷ್ಟವಾಯಿತೋ.

ಮಜ್ಜಿಗೆ ಅನ್ನ ತಿಂದು ನಾಲಿಗೆ ಸತ್ತು ಹೋಗಿದೆ. ಬೀದಿಯ ಮನೆಮನೆಯಲ್ಲೂ ಒಬ್ಬಟ್ಟಿನ ವಾಸನೆ. ಆದರೂ ಗುಳ್ಳೆ ಒಣಗುತ್ತಿವೆ, ಜ್ವರ ಬಿಟ್ಟಿದೆ. ಅವ್ವನ ಮುಂದೆ ನನ್ನ ಆಟ ನಡೆಯದು ಎಂದು ಇನ್ನೊಮ್ಮೆ ಸಾಬೀತಾಯಿತು.

"ಮಾತ್ರೆ?" ಎಂದು ಕೇಳಿದಳು ರಂಜಿನಿ. ಅಮ್ಮ ಹೋದ ಮೇಲೆ ಎಂದೆ.

ಸೆಪ್ಟೆಂಬರ್ 6

ಅಮ್ಮನನ್ನು ಕಳಿಸುವ ಮೂರನೆಯ ನೀರು ಹಾಕಿದ್ದಾಯಿತು. ಅರಿಶಿನ, ಬೇವು ಹಾಕಿ ಕಾಯಿಸಿದ ನೀರು. ಅವ್ವ ಮಾರಮ್ಮನ ಗುಡಿಗೆ ಮೊಸರನ್ನ ಕೊಟ್ಟು ಬಂದಳು. ಮನೆಯಲ್ಲಿ ಸಾಸಿವೆ ಸಿಡಿದ ಸದ್ದು ಕೇಳಿ ನನಗೆ ಕುಣಿಯುವಷ್ಟು ಸಂತೋಷವಾಯಿತು.

ಅವಳು ಕನ್ನಡಿ ಹಿಡಿದು ಬಹಳ ಹೊತ್ತು ಕೂತಿದ್ದಳು. ಕುತ್ತಿಗೆಯ ಮೇಲೆ ಕಪ್ಪು ಕಲೆ ಉಳಿದಿವೆ. "ಹೋಯ್ತದೆ ಬುಡು, ನಂಗೂ ಹೋಯ್ತಲ್ಲ" ಎಂದೆ. "ನಿಮ್ಗ ಎಲ್ಲೋಗಿದೆ, ಮೂಗಿನ ಮ್ಯಾಲ ಗುಳಿ ಅದಲ್ಲ" ಎಂದು ನಕ್ಕಳು. ಮದುವೆಯಾದ ಮೇಲೆ ನನ್ನನ್ನು ಆಡಿಕೊಂಡದ್ದು ಇದೇ ಮೊದಲು.

ಮಾತ್ರೆಯ ವಿಷಯ ಯಾರಿಗೂ ನೆನಪಾಗಲಿಲ್ಲ.

ಸೆಪ್ಟೆಂಬರ್ 11, ಸೋಮವಾರ

ಬೀದಿ ನಲ್ಲಿಯ ಹತ್ತಿರ ಬಿದ್ದಳಂತೆ. ಕೊಡಪಾನ ಹಿಡಿದ ಹೆಂಗಸರೆಲ್ಲ ಸುತ್ತ ನಿಂತು ನೋಡಿದ್ದಾರೆ. ನನಗೆ ಬಸ್ ಸ್ಟ್ಯಾಂಡಿನಲ್ಲಿ ಹಣ್ಣು ಮಾರುವವನಿಂದ ಗೊತ್ತಾಯಿತು. ಇನ್ನು ಇಡೀ ಚಾಮರಾಜನಗರಕ್ಕೆ ಗೊತ್ತು.

ಮನೆಗೆ ಬಂದು ಕೂಗಾಡಿದೆ. ಅಟ್ಟ ಹತ್ತಿ ಪೊಟ್ಟಣ ತೆಗೆದೆ. ಒಂದು ಮಾತ್ರೆ ಬಿಡಿಸಿ ಅವಳ ಕೈಗಿಟ್ಟು, ನೀರು ಕೊಟ್ಟು, ನುಂಗುವವರೆಗೂ ಎದುರಿಗೇ ನಿಂತಿದ್ದೆ. ಬಿದ್ದಾಗ ಕಚ್ಚಿಕೊಂಡ ನಾಲಿಗೆ ಊದಿತ್ತು, ನುಂಗಲು ತಡವರಿಸಿದಳು.

"ಅವತ್ತು ನಿಮ್ಮಪ್ಪನಿಗೆ ಹೇಳಿದ್ದು ನೆನಪದೆ ತಾನೇ?"

"ಅದೆ. ಇನ್ನು ತಪ್ಸಲ್ಲ. ಏನಾದ್ರೂ ತಪ್ಸಲ್ಲ."

ಡಾಕ್ಟರನ್ನು ಒಂದು ಮಾತು ಕೇಳಿ ಶುರು ಮಾಡಬಹುದಿತ್ತು. ಆದರೆ ಕೇಳುವುದೇನು? ನಡುವೆ ಅಮ್ಮ ಬಂದಳು, ಹೋದಳು. ಅದಕ್ಕೂ ಮಾತ್ರೆಗೂ ಏನು ಸಂಬಂಧ.

ಸೆಪ್ಟೆಂಬರ್ 13

ಮತ್ತೆ ಜ್ವರ. ಮತ್ತೆ ಕಣ್ಣು ಕೆಂಪು. ಈ ಸಲ ಒಂದೇ ದಿನಕ್ಕೆ ಮೈತುಂಬ ಎದ್ದಿದೆ, ಗುಳ್ಳೆಯ ನಡುವೆ ಚರ್ಮ ನೇರಳೆ ಬಣ್ಣಕ್ಕೆ ತಿರುಗಿದೆ.

ಅವ್ವ ನನ್ನ ಮೇಲೆ ಹರಿಹಾಯ್ದಳು. "ಅಮ್ಮ ಇನ್ನೂ ಊರ ಗಡಿ ದಾಟಿರ್ನಿಲ್ಲ, ಅಷ್ಟರಲ್ಲೇ ಔಸ್ದಿ ನುಂಗುಸ್ಬುಟ್ಟೆ. ಸಿಟ್ಟಾಗಿ ತಿರುಗಿ ಬಂದವ್ಳೆ. ತಪ್ಪಾಯ್ತು ಅಂತ ಅನ್ಲಾ!" ಪೊಟ್ಟಣ ಕಿತ್ತುಕೊಂಡು ಹೋಗಿ ಎಲ್ಲಿಟ್ಟಳೋ ಗೊತ್ತಿಲ್ಲ. ಮತ್ತೆ ಬೇವಿನ ಸೊಪ್ಪು ಬಂತು.

ನನಗೆ ಇದರಲ್ಲೆಲ್ಲ ಅಷ್ಟು ನಂಬಿಕೆಯಿಲ್ಲ. ಆದರೂ ತಪ್ಪಾಯ್ತು ಎಂದೆ. ರಂಜಿನಿಯ ಮುಖ ನೋಡಿ ಭಯವಾಯಿತು.

ಸೆಪ್ಟೆಂಬರ್ 15, ಮೈಸೂರು

ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಬರೆಯದಿದ್ದರೆ ತಲೆ ಕೆಡುತ್ತದೆ.

ಇವತ್ತು ಬೆಳಿಗ್ಗೆ ಹಳೆಯ ಸೊಪ್ಪು ತೆಗೆದು ಹೊಸದು ಹಾಸೋಣವೆಂದು ಅವಳನ್ನು ಮೆಲ್ಲಗೆ ಮಗ್ಗುಲಿಗೆ ತಿರುಗಿಸಿದೆ. ನನ್ನ ಕೈ ತಾಗಿದ ಕಡೆ ಬೆನ್ನಿನ ಚರ್ಮ ಸುಲಿದು ಕೈಗೇ ಬಂತು. ಅವಳು ಕೂಗಲಿಲ್ಲ, ಬಾಯಿ ತೆರೆಯಲು ಆಗುತ್ತಿರಲಿಲ್ಲ. ತಲೆಯ ಹತ್ತಿರದ ಸೊಪ್ಪು ಎತ್ತಿದಾಗ ಅದರಡಿಯಲ್ಲಿ ಮಾತ್ರೆಯ ಹಾಳೆ ಸಿಕ್ಕಿತು. ಅವ್ವ ಪೊಟ್ಟಣ ಒಯ್ಯುವ ಮುಂಚೆಯೇ ಇವಳು ಒಂದು ಹಾಳೆ ತೆಗೆದು ಬಚ್ಚಿಟ್ಟುಕೊಂಡಿದ್ದಳು. ಅರ್ಧ ಖಾಲಿಯಾಗಿತ್ತು.

"ಇದನ್ನ ತಗತಾ ಇದ್ದೀಯಾ?"

ಹೌದೆಂದು ತಲೆ ಆಡಿಸಿದಳು.

"ಇಂಥ ಬಾಯಲ್ಲಿ? ಅವ್ವ ಬ್ಯಾಡ ಅಂದಿರ್ಲಿಲ್ವಾ?"

ತುಟಿ ಅಂಟಿಕೊಂಡಿತ್ತು. ಬಿಡಿಸಿಕೊಂಡು, "ನೀವು ತಪ್ಸಬ್ಯಾಡ ಅಂದ್ರಲ್ಲ" ಎಂದಳು. ಆಮೇಲೆ, "ಬರ್ಲಿಲ್ಲ, ನೋಡಿ. ಆವತ್ತಿಂದ ಬರ್ಲೇ ಇಲ್ಲ" ಎಂದಳು.

ಓಡಿಹೋಗಿ ಇಸ್ಮಾಯಿಲ್ ಭಾಯ್‌ನನ್ನು ಕರೆದು ತಂದೆ. ಅವನು ಬಾಗಿಲಲ್ಲಿ ಬೇವಿನ ಸೊಪ್ಪು ಕಂಡು ಒಂದು ಗಳಿಗೆ ನಿಂತ, ಆಮೇಲೆ ಒಳಗೆ ಬಂದ. ಅವಳನ್ನು ನೋಡಿ, "ಯಾ ಅಲ್ಲಾ! ಇದು ಅಮ್ಮ ಅಲ್ಲ ಮಾಲಿಂಗ, ಸುಟ್ಟೋಗಿರೋ ಹಾಗೈತೆ. ಎತ್ಕೋ, ಹೋಗನ ಆಸ್ಪತ್ರೆಗೆ" ಎಂದ. ಅವ್ವ ಅಡ್ಡ ಬರಲಿಲ್ಲ. ಮೂಲೆಯಲ್ಲಿ ಕೂತು ಕೈ ಮುಗಿದೇ ಇದ್ದಳು. ಚಾಮರಾಜನಗರದ ಡಾಕ್ಟರು ಹೊದಿಕೆ ಸರಿಸಿ ನೋಡಿ, ಇಲ್ಲಿ ನಿಲ್ಲಬೇಡಿ, ಮೈಸೂರಿಗೆ ನಡೀರಿ ಎಂದರು. ಆಸ್ಪತ್ರೆಯ ವ್ಯಾನಿನಲ್ಲಿ ದಾರಿಯುದ್ದಕ್ಕೂ ಅವಳನ್ನು ಎಲ್ಲಿ ಹಿಡಿದುಕೊಳ್ಳಬೇಕೆಂದು ನನಗೆ ತಿಳಿಯಲಿಲ್ಲ. ಮುಟ್ಟುವಂಥ ಜಾಗವೇ ಇರಲಿಲ್ಲ.

ಸೆಪ್ಟೆಂಬರ್ 17

ಡಾಕ್ಟರು ಮಾತ್ರೆಯ ಹಾಳೆ ನೋಡಿದರು. ಎಲ್ಲವನ್ನೂ ಮೊದಲಿಂದ ಹೇಳಿಸಿದರು. ಆಮೇಲೆ ನಿಧಾನವಾಗಿ ನನಗೆ ಅರ್ಥವಾಗುವ ಹಾಗೆ ಹೇಳಿದರು. ಈ ಮಾತ್ರೆ ಒಳ್ಳೆಯದೇ, ಸಾವಿರಾರು ಜನ ತೆಗೆದುಕೊಳ್ಳುತ್ತಾರೆ. ಎಲ್ಲೋ ಒಬ್ಬರ ಮೈಗೆ ಒಗ್ಗುವುದಿಲ್ಲ. ಒಗ್ಗದಿದ್ದರೆ ಮೈಯೆಲ್ಲ ಹೀಗೆ ಬೆಂದು ಹೋಗುತ್ತದೆ. ಯಾರಿಗೆ ಒಗ್ಗುವುದಿಲ್ಲ ಎಂದು ಮೊದಲೇ ತಿಳಿಯುವುದಿಲ್ಲ.

"ಮೊದಲನೇ ಸಲ ಬಂದಿದ್ದೂ ಅಮ್ಮ ಅಲ್ಲ. ಇದೇ. ಆಗ ಮಾತ್ರೆ ನಿಂತಿದ್ದಕ್ಕೆ ಉಳಿದರು. ಒಂದು ಸಲ ಆದವರಿಗೆ ಮತ್ತೆ ಕೊಡಲೇಬಾರದು."

ನಾನು ಕೊಟ್ಟೆ. ನುಂಗುವವರೆಗೂ ಎದುರಿಗೆ ನಿಂತಿದ್ದೆ.

ಸೆಪ್ಟೆಂಬರ್ 19

ಬಟ್ಟೆ ಮೈಗೆ ಅಂಟುತ್ತದೆಂದು ಬಾಳೆ ಎಲೆಯ ಮೇಲೆ ಮಲಗಿಸಿದ್ದಾರೆ. ಮಾವ ಗುಂಡ್ಲುಪೇಟೆಯ ತೋಟಗಳಲ್ಲಿ ಎಳೆ ಎಲೆ ಕೊಯ್ಯಿಸಿ, ಮೊದಲ ಬಸ್ಸಿಗೆ ಹೊತ್ತು ತರುತ್ತಾರೆ. ಇಬ್ಬರೂ ಕೂತು ನಾರು ಸೀಳಿ, ಒರೆಸಿ, ನರ್ಸಮ್ಮನ ಕೈಗೆ ಕೊಡುತ್ತೇವೆ. ಇವತ್ತು ಮಾವ, "ನಾನು ಮೊದ್ಲೇ ಹೇಳ್ಬುಟ್ಟಿದ್ರ ಮದ್ವೆ ಆಯ್ತಿರ್ಲಿಲ್ಲ, ಮನೇಲೇ ಬಿದ್ದಿರೋಳು, ಹಿಂಗಾಯ್ತಿರ್ಲಿಲ್ಲ" ಎಂದರು. ಅವರ ತಪ್ಪು ನನ್ನ ತಪ್ಪಿನ ಮುಂದೆ ಈಗ ಎಲ್ಲಿದೆ? ಎಲೆ ಒರೆಸಿದೆ.

ಸೆಪ್ಟೆಂಬರ್ 21, ಗುರುವಾರ

ಊರಿಗೆ ಊರೇ ಗಣೇಶನ ಗುಡಿಯ ಮುಂದೆ ಸಾಲು ನಿಂತಿದೆ. ಕಲ್ಲಿನ ಗಣಪತಿ ಹಾಲು ಕುಡಿಯುತ್ತಾನಂತೆ. ಆಸ್ಪತ್ರೆಯ ಆಯಾಗಳೂ ಲೋಟ ಹಿಡಿದು ಓಡಿದರು. ಇಲ್ಲಿ ಒಂದು ಚಮಚ ಹಾಲು ಇವಳ ಗಂಟಲಿಗೆ ಇಳಿಯುತ್ತಿಲ್ಲ. ಬಿಟ್ಟದ್ದೆಲ್ಲ ತುಟಿಯ ಪಕ್ಕದಿಂದ ರಕ್ತದ ಜೊತೆ ಹೊರಗೆ ಬರುತ್ತದೆ.

ಸೆಪ್ಟೆಂಬರ್ 24

ಹಾಗೇ ಇದ್ದಾಳೆ.

ಸೆಪ್ಟೆಂಬರ್ 30

ಜ್ವರ ಇಳಿಯಿತು. ತೊಡೆಯ ಮೇಲೆ ಹೊಸ ಚರ್ಮ ಬರುತ್ತಿದೆ. ಜೀವಕ್ಕೆ ಅಪಾಯವಿಲ್ಲ ಎಂದರು. ಮಾವ ಕಾರಿಡಾರಿನಲ್ಲಿ ಕೂತು ಅತ್ತರು. ನಾನೂ.

ಗಂಜಿ ಕುಡಿದಳು. ಚಮಚ ಬಾಯಿಗೆ ಹಿಡಿಯುವುದು ನನಗೆ ಈಗ ಚೆನ್ನಾಗಿ ಬರುತ್ತದೆ. ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಎಡಗಡೆಯ ತುಟಿಗೆ ತಾಗಿಸಬಾರದು.

ಅಕ್ಟೋಬರ್ 9

ಕಣ್ಣಿನ ಡಾಕ್ಟರು ಬಂದಿದ್ದರು. ಹುಣ್ಣು ಮಾಯುವಾಗ ರೆಪ್ಪೆಯ ಒಳಭಾಗ ಕಣ್ಣುಗುಡ್ಡೆಗೇ ಅಂಟಿಕೊಂಡಿದೆ. ಗುಡ್ಡೆಯ ಮೇಲೆ ಬಿಳಿ ಪೊರೆ. ಬೆಳಕು ಬಂತು, ಬೆಳಕು ಹೋಯಿತು, ಅಷ್ಟು ಮಾತ್ರ ಗೊತ್ತಾಗುತ್ತದೆ. ಆಪರೇಷನ್ ಮಾಡಿದರೆ ಎಂದು ಕೇಳಿದೆ. ಈಗ ಏನೂ ಹೇಳಲಾಗದು, ಆಸೆ ಇಟ್ಟುಕೊಳ್ಳಬೇಡಿ ಎಂದರು.

ಅವಳಿಗೆ ನಾನೇ ಹೇಳಬೇಕಾಯಿತು. ಕೇಳಿಸಿಕೊಂಡು, "ಮಾತ್ರೆ?" ಎಂದಳು.

"ಇನ್ಮೇಲೆ ಆ ಮಾತ್ರೆ ಮುಟ್ಟೋ ಹಾಗಿಲ್ಲ. ಬೇರೆ ಅವೆಯಂತೆ, ಸ್ವಲ್ಪ ದಿನ ಬುಟ್ಟು ನೋಡ್ತಾರಂತೆ."

"ನಾನು ಇನ್ಯಾವ್ದೂ ನುಂಗಲ್ಲ" ಎಂದಳು. ಕಣ್ಣು ಹೋಯಿತು ಎಂದಾಗ ನಡುಗದ ದನಿ ಆಗ ನಡುಗಿತು.

ಅಕ್ಟೋಬರ್ 22

ಮನೆಗೆ ಬಂದಿದ್ದೇವೆ. ನಾಳೆ ದೀಪಾವಳಿ. ಪಟಾಕಿ ಸದ್ದಿಗೆ ಅವಳು ಬೆಚ್ಚುತ್ತಾಳೆ, ಎಲ್ಲಿಂದ ಬಂತೆಂದು ತಿಳಿಯದೆ ಕೈಯಲ್ಲಿ ಗೋಡೆ ಹುಡುಕುತ್ತಾಳೆ. ಕಿಟಕಿ ಮುಚ್ಚಿ ಪಕ್ಕದಲ್ಲಿ ಕೂತಿದ್ದೆ.

ಅವ್ವ ಮೊದಲಿನ ಅವ್ವ ಅಲ್ಲ. ಬಾಗಿಲ ಸೊಪ್ಪನ್ನು ತಾನೇ ಕಿತ್ತು ಒಲೆಗೆ ಹಾಕಿದ್ದಾಳೆ. "ಅಮ್ಮ ಅಂತ ಕೈ ಮುಗ್ದೆ ಕಣ್ಲಾ. ಒಂದು ಮಾತ್ರೆಗೆ ಕೈ ಮುಗ್ದುಬುಟ್ಟೆ" ಎಂದಳು. ಅವಳನ್ನು ಸಮಾಧಾನ ಮಾಡುವ ಶಕ್ತಿ ನನ್ನಲ್ಲಿ ಇಲ್ಲ. ಅವ್ವ ಅಟ್ಟದ ಮೇಲಿಟ್ಟಳು, ನಾನು ಕೆಳಗೆ ತೆಗೆದೆ. ಲೆಕ್ಕ ಹಾಕಿದರೆ ಅವಳದೇ ಸರಿಯಾದ ಕೆಲಸ.

ಅಕ್ಟೋಬರ್ 29

ಅವಳಿಗೆ ತಲೆ ಬಾಚಿದೆ. ಕೂದಲು ಬಹಳ ಉದುರಿದೆ. ಜಡೆ ಹೆಣೆಯಲು ನೋಡಿದೆ, ಮೂರು ಎಳೆ ನನ್ನ ಕೈಯಲ್ಲಿ ನಿಲ್ಲಲಿಲ್ಲ. ಇಸ್ಮಾಯಿಲ್ ಭಾಯ್ ಡ್ಯೂಟಿಗೆ ಯಾವಾಗ ಬರುತ್ತೀಯ ಎಂದು ಕೇಳಿಸಿದ್ದಾನೆ. ರಜೆ ಎಲ್ಲ ಮುಗಿದಿದೆ. ನಾಳೆಯಿಂದ ಹೋಗಲೇಬೇಕು.

ನವೆಂಬರ್ 3, ಶುಕ್ರವಾರ

ಡ್ಯೂಟಿ ಮುಗಿಸಿ ಬಂದಾಗ ಅವಳು ಬಟ್ಟೆ ಗಂಟು ಕಟ್ಟಿಟ್ಟಿದ್ದಳು. ಕಣ್ಣು ಕಾಣದೆ ಯಾವ ಸೀರೆ ಯಾವುದೆಂದು ಹೇಗೆ ತಿಳಿಯಿತೋ.

"ಸೋಮವಾರ ಅಪ್ಪನ್ನ ಬರಕ್ಕೆ ಹೇಳಿ. ನಾನು ಓಯ್ತೀನಿ."

"ಯಾಕೆ? ಅವ್ವ ಏನಾರ ಅಂದ್ಲಾ?"

"ಅತ್ತೆ ಏನೂ ಅನ್ನಿಲ್ಲ. ನಿನ್ನೆ ಮಧ್ಯಾಹ್ನ ಬಂತು, ನೀವು ಇಲ್ದಾಗ. ನಿಮ್ಗ ಹೇಳ್ಬ್ಯಾಡಿ ಅಂತ ಅತ್ತೇಗ ಅಂದಿದ್ದೆ. ಇನ್ನು ಮಾತ್ರೆ ಇಲ್ಲ, ಬತ್ತಾನೇ ಇರ್ತದ. ನೀವು ಅವತ್ತು ಅಪ್ಪನ್ಗ ಹೇಳಿದ್ರಲ್ಲ."

"ಅದು ಕೋಪದಲ್ಲಿ ಆಡಿದ್ದು ಕನ ರಂಜೀ."

"ಇರ್ಬೋದು. ಆದ್ರ ನಾನು ಮಾತ್ರೆ ನುಂಗಿದ್ದು ಆ ಮಾತ್ಗೇ ಅಲ್ವಾ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಎಷ್ಟೋ ವಾಸಿಯಾಗಿರುತ್ತಿತ್ತು. ಇರು ಎಂದೆ. ನನಗೆ ನೀನು ಬೇಕು ಎಂದೆ. ಇಂಥ ಮಾತನ್ನು ಬಾಯಿಬಿಟ್ಟು ಯಾರಿಗೂ ಹೇಳಿದವನಲ್ಲ ನಾನು. ನನ್ನ ಮುಖ ಅವಳಿಗೆ ಕಂಡಿದ್ದರೆ ನಂಬುತ್ತಿದ್ದಳೇನೋ. ಕೈಯಲ್ಲಿ ತಡವರಿಸಿ ನನ್ನ ತೋಳು ಮುಟ್ಟಿದಳು.

"ಇಲ್ಲಿದ್ರ ಇವತ್ತು ಬಂತಾ, ನಾಳೆ ಬತ್ತದಾ ಅಂತ ಹೆದರ್ಕಂಡೇ ಕೂತ್ಕೋಬೇಕು. ಅಪ್ಪನ ಮನೇಲಿ ಬಂದ್ರ ಬತ್ತದ, ಅಷ್ಟೇಯ. ನನ್ಗ ಸುಮ್ನೆ ಬೀಳಕ್ಕೆ ಒಂದು ಜಾಗ ಬೇಕು."

ನಾಳೆ ಗುಂಡ್ಲುಪೇಟೆಯಲ್ಲಿ ಮಾವನಿಗೆ ಹೇಳಬೇಕು.

ನವೆಂಬರ್ 6, ಸೋಮವಾರ

ನನ್ನ ಬಸ್ಸಿನಲ್ಲೇ ಹೋದಳು. ಮಾವ ಬಂದಿದ್ದರು. ಇಬ್ಬರನ್ನೂ ಮುಂದಿನ ಸೀಟಿನಲ್ಲಿ ಕೂರಿಸಿದೆ. ಅವ್ವ ಸ್ಟ್ಯಾಂಡಿನವರೆಗೂ ಬಂದು ಅವಳ ಮಡಿಲಿಗೆ ಅಕ್ಕಿ, ಬೆಲ್ಲ ಹಾಕಿ, ಹಿಂತಿರುಗಿ ನೋಡದೆ ಹೋದಳು.

ತೆರಕಣಾಂಬಿ ದಾಟಿದ ಮೇಲೆ ಬಂತು. ನಾನು ಹಿಂದೆ ಟಿಕೆಟ್ ಕೊಡುತ್ತಿದ್ದೆ. ಜನ ಎದ್ದು ನಿಂತದ್ದು ನೋಡಿ ನುಗ್ಗಿಕೊಂಡು ಬಂದೆ. ಇಸ್ಮಾಯಿಲ್ ಭಾಯ್ ಅರಿಶಿನದ ಹೊಲದ ಪಕ್ಕ ಗಾಡಿ ನಿಲ್ಲಿಸಿದ. ಯಾರೋ ಕಬ್ಬಿಣ ಕೊಡಿ ಎಂದರು, ಯಾರೋ ಚಪ್ಪಲಿ ಮೂಸಿಸಿ ಎಂದರು. "ಎಲ್ರೂ ಸರೀರಿ, ನನ್ ಹೆಂಡ್ತಿ" ಎಂದೆ. ಬಸ್ಸಿನ ನೆಲದ ಮೇಲೆ ಕೂತು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮಗ್ಗುಲಾಗಿಸಿ, ನಿಲ್ಲುವವರೆಗೂ ಹಿಡಿದುಕೊಂಡಿದ್ದೆ. ನೊರೆಯನ್ನು ನನ್ನ ಖಾಕಿ ತೋಳಿನಲ್ಲೇ ಒರೆಸಿದೆ. ಹೊಸ ಚರ್ಮ, ಬಹಳ ತೆಳುವು. ಎಲ್ಲಿ ತರಚುತ್ತದೋ ಎಂದು ನನ್ನ ಗಮನವೆಲ್ಲ ಅದರ ಮೇಲೇ ಇತ್ತು.

ಎಚ್ಚರವಾದಾಗ "ಯಾರು?" ಎಂದಳು.

"ನಾನೇ."

ತಟ್ಟನೆ ನನ್ನ ತೊಡೆಯಿಂದ ತಲೆ ಎತ್ತಿಕೊಂಡಳು. ಸೀಟಿನ ಕಂಬಿ ಹುಡುಕಿ ಹಿಡಿದು, ಸೆರಗು ಸರಿಮಾಡಿಕೊಂಡು ಎದ್ದು ಕೂತಳು. ನಾನು ಉಳಿದವರಿಗೆ ಟಿಕೆಟ್ ಕೊಟ್ಟೆ. ಏನು ಕೊಟ್ಟೆನೋ, ಎಷ್ಟು ತೆಗೆದುಕೊಂಡೆನೋ.

ಗುಂಡ್ಲುಪೇಟೆಯಲ್ಲಿ ಇಳಿಯಲು ಬಿಡದೆ ಜನ ಹತ್ತಲು ಮುಗಿಬಿದ್ದರು. ಮಾವ ಮೊದಲು ಇಳಿದು ಕೈ ಕೊಟ್ಟರು. ನಾನು ಗಂಟು ಹಿಡಿದು ಅವಳ ಹಿಂದೆಯೇ ಮೆಟ್ಟಿಲ ಮೇಲೆ ನಿಂತಿದ್ದೆ. ಕೆಳಗಿಳಿದವಳು ನಾನು ಎದುರಿಗೆ ಇದ್ದೇನೆಂದುಕೊಂಡು ಆ ಕಡೆ ಮುಖ ಮಾಡಿದಳು. ಅಲ್ಲಿ ಬಸ್ಸು ಹತ್ತಲು ಕಾಯುತ್ತಿದ್ದ ಯಾರೋ ನಡುವಯಸ್ಸಿನವನು ತರಕಾರಿ ಚೀಲ ಹೊತ್ತು ನಿಂತಿದ್ದ.

"ಎಲ್ರ ಮುಂದೆ ಬಂದ್ಬುಡ್ತು. ತಪ್ಪಾಯ್ತು" ಎಂದಳು ಅವನಿಗೆ.

ಅವನು ಅವಳ ಕಣ್ಣು ನೋಡಿದ, ಮುಖದ ಕಲೆ ನೋಡಿದ. ಏನು ತಿಳಿಯಿತೋ, "ಅಯ್ಯೋ, ನಿಂದೇನ್ ತಪ್ಪು, ಬುಡವ್ವ" ಎಂದ.

ಆ ಗದ್ದಲದಲ್ಲಿ ಅದನ್ನು ನನ್ನ ದನಿ ಎಂದುಕೊಂಡಳೋ ಏನೋ, ತಲೆಯಾಡಿಸಿದಳು. ಗಂಟು ಮಾವನ ಕೈಗೆ ಕೊಟ್ಟೆ. ಅವಳು ಅಪ್ಪನ ತೋಳು ಹಿಡಿದು ಈರುಳ್ಳಿ ಮಂಡಿಯ ಬೀದಿಯ ಕಡೆ ನಡೆದಳು. ನನಗೆ ರೈಟ್ ಹೇಳಲು ಆಗಲಿಲ್ಲ, ಇಸ್ಮಾಯಿಲ್ ಭಾಯ್ ಕಾದು ನೋಡಿ ತಾನೇ ಗಾಡಿ ತೆಗೆದ.